ಮೊದಲು ಯಾರು, ಮೊದಲು ಯಾವುದು?

ಮೂರು ದಶಕಗಳಿಗೂ ಮೀರಿದ ಅಧ್ಯಾಪನವೃತ್ತಿಯಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ವಾಕ್ಯ ಯಾವುದೆಂದು ಯಾರಾದರೂ ಕೇಳಿದರೆ, ಉತ್ತರಕ್ಕಾಗಿ ನಾನು ತಡಕಾಡಬೇಕಾಗಿಲ್ಲ. "ಮೊದಲು ಅವನೇ ಸಾರ್" ಎಂಬುದೇ ಆ ವಾಕ್ಯ. ಬಿಡುವಿನ ಗಂಟೆ ಮುಗಿದೊಡನೆ, ಅಂಗಿಯ ಗುಂಡಿ ಕಿತ್ತುಹೋದ ಇಬ್ಬರು ಹುಡುಗರು ನನ್ನೆದುರು ನಿಲ್ಲುತ್ತಿದ್ದರು. ಹೊಡೆದದ್ದು ಬೈದದ್ದಕ್ಕೆ, ಬೈದದ್ದು ಪೆನ್ನು ಕಸಿದದ್ದಕ್ಕೆ, ಪೆನ್ನು ಕಸಿದದ್ದು ಹಿಂದಿನ ದಿನ ಚೆಂಡು ಕೊಡದಿದ್ದುದಕ್ಕೆ. ಈ ಪುರಾಣವನ್ನು ಹಿಂದಕ್ಕೆ ಎಳೆಯುತ್ತ ಹೋದರೆ ಅದು ಒಂದನೆಯ ತರಗತಿಯವರೆಗೂ ಹೋಗುತ್ತಿತ್ತು. ನಾನು ಸಾಮಾನ್ಯವಾಗಿ ಇಬ್ಬರಿಗೂ ಸಮನಾಗಿ ಶಿಕ್ಷೆ ಹಂಚಿ ಪಾಠಕ್ಕೆ ತೊಡಗುತ್ತಿದ್ದೆ. ಅದೇ ನ್ಯಾಯವೆಂಬ ನಂಬಿಕೆಯಿಂದಲ್ಲ, ವಿಚಾರಣೆಗೆ ಸಮಯವಿಲ್ಲವೆಂಬ ಕಾರಣದಿಂದ.

ಅದೇ ಪ್ರಶ್ನೆ ಒಮ್ಮೆ ಪಾಠದ ನಡುವೆಯೇ ಎದ್ದು ನಿಂತಿತು. ಹತ್ತನೆಯ ತರಗತಿಗೆ ಮೊದಲನೆಯ ಮಹಾಯುದ್ಧದ ಕಾರಣಗಳನ್ನು ಹೇಳುತ್ತಿದ್ದೆ. ಜರ್ಮನಿಯ ಬಲಕ್ಕೆ ಅಂಜಿ ಫ್ರಾನ್ಸ್ ಮತ್ತು ರಷ್ಯಾಗಳು ಕೈಜೋಡಿಸಿದವು. ಅವೆರಡೂ ಕೈಜೋಡಿಸಿದುದಕ್ಕೆ ಅಂಜಿ ಜರ್ಮನಿಯು ಸೈನ್ಯವನ್ನು ಹೆಚ್ಚಿಸಿತು. ಜರ್ಮನಿ ಯುದ್ಧನೌಕೆ ಕಟ್ಟಿತೆಂದು ಬ್ರಿಟನ್ ಕಟ್ಟಿತು, ಬ್ರಿಟನ್ ಕಟ್ಟಿತೆಂದು ಜರ್ಮನಿ ಇನ್ನಷ್ಟು ಕಟ್ಟಿತು. ಕಾರಣಗಳನ್ನು ಒಂದು, ಎರಡು, ಮೂರು ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿರುವಾಗ ಕೊನೆಯ ಬೆಂಚಿನ ಒಬ್ಬ ಹುಡುಗಿ ಎದ್ದು, "ಸಾರ್, ಅವರು ಮಾಡಿದ್ದಕ್ಕೆ ಇವರು, ಇವರು ಮಾಡಿದ್ದಕ್ಕೆ ಅವರು ಅಂದ್ರಿ. ಹಾಗಾದ್ರೆ ಮೊದಲು ಶುರು ಮಾಡಿದ್ದು ಯಾರು?" ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕೆ. "ಅದು ಪರೀಕ್ಷೆಗೆ ಬರೋದಿಲ್ಲಮ್ಮ, ಕೂತ್ಕೋ" ಎಂದೆ. ಆಕೆ ಕುಳಿತಳು. ಆ ವರ್ಷ ಮತ್ತೆ ಏನನ್ನೂ ಕೇಳಲಿಲ್ಲ.

ಪರೀಕ್ಷೆಗೆ ಬಾರದ ಆ ಪ್ರಶ್ನೆ ನಿವೃತ್ತಿಯಾದ ಮೇಲೂ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಓದುತ್ತ ಹೋದಂತೆ, ಆ ಹುಡುಗಿ ಕೇಳಿದುದನ್ನೇ ಎರಡು ಸಾವಿರ ವರ್ಷಗಳಿಂದ ದೊಡ್ಡ ದೊಡ್ಡವರು ಕೇಳುತ್ತ ಬಂದಿರುವರೆಂದು ತಿಳಿಯಿತು. ಈ ಬರಹ ಆಕೆಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರ.

ಮೊದಲಿಗೆ ಒಂದು ಔತಣಕೂಟಕ್ಕೆ ಹೋಗೋಣ. ಕ್ರಿ.ಶ. ಒಂದನೆಯ ಶತಮಾನದ ಉತ್ತರಾರ್ಧ ಮತ್ತು ಎರಡನೆಯ ಶತಮಾನದ ಆರಂಭದಲ್ಲಿ ಬಾಳಿದ ಗ್ರೀಕ್ ಲೇಖಕ ಪ್ಲುಟಾರ್ಕ್, ಭೋಜನದ ವೇಳೆಯ ಸಂಭಾಷಣೆಗಳನ್ನೇ ಸಂಗ್ರಹಿಸಿ ಒಂದು ಗ್ರಂಥವನ್ನು ಬರೆದಿದ್ದಾನೆ. ಯಾವುದೋ ಕನಸಿನ ಕಾರಣದಿಂದ ಆತ ಕೆಲಕಾಲ ಮೊಟ್ಟೆ ತಿನ್ನುವುದನ್ನು ಬಿಟ್ಟಿದ್ದನಂತೆ. ಸೊಸ್ಸಿಯಸ್ ಸೆನೇಸಿಯೊ ಎಂಬ ಗೆಳೆಯನ ಔತಣದಲ್ಲಿ ಇತರರು ಇದನ್ನು ಕಂಡು ಹಾಸ್ಯಮಾಡಿದರು. ಮಾತು ಬೆಳೆದು, ಮೊಟ್ಟೆ ಮೊದಲೋ ಕೋಳಿ ಮೊದಲೋ ಎಂಬಲ್ಲಿಗೆ ಬಂದು ನಿಂತಿತು. ಸುಲ್ಲಾ ಎಂಬ ಮಿತ್ರನು, ಈ ಸಣ್ಣ ಪ್ರಶ್ನೆಯ ಸನ್ನೆಗೋಲಿನಿಂದ ಜಗತ್ತಿನ ಉತ್ಪತ್ತಿಯೆಂಬ ಭಾರೀ ಬಂಡೆಯನ್ನೇ ಅಲುಗಿಸಹೊರಟಿದ್ದೇವೆಂದು ಹೇಳಿ ವಾದದಿಂದ ಹಿಂದೆ ಸರಿದನು. ಫರ್ಮಸ್ ಎಂಬವನು ಮೊಟ್ಟೆಯ ಪಕ್ಷ ವಹಿಸಿದನು: ಸರಳವಾದುದು ಮೊದಲು, ಜಟಿಲವಾದುದು ಅನಂತರ. ಸೆನೇಸಿಯೊ ಕೋಳಿಯ ಪಕ್ಷ ವಹಿಸಿದನು: ಪೂರ್ಣವಾದುದು ಮೊದಲು, ಅಪೂರ್ಣವಾದುದು ಅದರಿಂದ. ಹಾಗಾದರೆ ಮೊದಲ ಕೋಳಿ ಎಲ್ಲಿಂದ ಬಂದಿತು? ಮಣ್ಣಿನಿಂದ ನೇರವಾಗಿ, ಈಜಿಪ್ಟಿನಲ್ಲಿ ಈಗಲೂ ಇಲಿಗಳು ಮಣ್ಣಿನಿಂದಲೇ ಹುಟ್ಟುವುದಿಲ್ಲವೇ, ಎಂಬುದು ಅವನ ಸಮಾಧಾನ.

ಸೆನೇಸಿಯೊನ ವಾದದ ಹಿಂದೆ ಅರಿಸ್ಟಾಟಲನ ನೆರಳಿದೆ. ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲೇ ಆತ, ಬೀಜವು ತನಗಿಂತ ಮೊದಲೇ ಇದ್ದ ಪೂರ್ಣ ಜೀವಿಯಿಂದ ಬರುವುದರಿಂದ ಮೊದಲನೆಯದು ಬೀಜವಲ್ಲ, ಪೂರ್ಣ ಜೀವಿಯೇ ಎಂದು ವಾದಿಸಿದ್ದನು. ಅವನ ದೃಷ್ಟಿಯಲ್ಲಿ ಮನುಷ್ಯನಿಂದ ಮನುಷ್ಯ, ಕುದುರೆಯಿಂದ ಕುದುರೆ. ಆ ಕುಲಗಳಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಔತಣದ ಎರಡು ಪಕ್ಷಗಳೂ ಒಂದು ಸಂಗತಿಯನ್ನು ಮಾತ್ರ ಪ್ರಶ್ನಿಸಲಿಲ್ಲ. ಕೋಳಿ ಎಂದೆಂದಿಗೂ ಇದೇ ಕೋಳಿ, ಮೊಟ್ಟೆ ಎಂದೆಂದಿಗೂ ಇದೇ ಮೊಟ್ಟೆ ಎಂಬುದನ್ನು ಇಬ್ಬರೂ ಒಪ್ಪಿಕೊಂಡೇ ಕಾದಾಡಿದರು.

ನಮ್ಮ ದೇಶದ ಚಿಂತಕರು ಈ ತೊಡಕನ್ನು ಬೇರೊಂದು ಕಡೆಯಿಂದ ಹಿಡಿದರು. ಯಾವುದು ಮೊದಲು ಎಂದು ಕೇಳುವುದಕ್ಕೆ ಮುಂಚೆ, ಇದು ಯಾವ ಬಗೆಯ ಸುತ್ತು ಎಂದು ಕೇಳಿದರು. ತರ್ಕಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂಬುದು ಒಂದು ದೋಷ, ಅನವಸ್ಥೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಮ್ಮ ಹಳ್ಳಿಯ ಗಾದೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ: ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು. ಇಲ್ಲಿರುವುದು ಒಂದೇ ಹುಚ್ಚು, ಒಂದೇ ಮದುವೆ. ಒಂದಕ್ಕೊಂದು ಕಾದು ಕುಳಿತರೆ ಎರಡೂ ಆಗುವುದಿಲ್ಲ. ಬೀಜ ಮತ್ತು ಮೊಳಕೆಯ ಸಂಗತಿ ಹಾಗಲ್ಲ. ಈ ಮಾವಿನ ಓಟೆಯಿಂದ ಏಳುವ ಮರ ಬೇರೆ. ಈ ಓಟೆಯನ್ನು ಹೆತ್ತ ಮರ ಬೇರೆ. ಇದು ಸುತ್ತಿನಂತೆ ಕಾಣುವ ಸಾಲು. ಅದು ಹಿಂದಕ್ಕೆ ಕೊನೆಯಿಲ್ಲದಂತೆ ಹೋದರೂ ಕಣ್ಣಮುಂದೆ ನಡೆಯುತ್ತಿರುವುದರಿಂದ, ಅಂತಹ ಅನವಸ್ಥೆ ದೋಷವಲ್ಲವೆಂದು ತಾರ್ಕಿಕರು ವಿಂಗಡಿಸಿದರು. ಬೀಜಾಂಕುರನ್ಯಾಯವೆಂಬ ಹೆಸರಿನಲ್ಲಿ ಈ ದೃಷ್ಟಾಂತ ಪ್ರಸಿದ್ಧವಾಯಿತು.

ಆದರೆ ಈ ದೃಷ್ಟಾಂತವನ್ನು ಕಣ್ಣುಮುಚ್ಚಿ ಬಳಸಲು ಅವರು ಬಿಡಲಿಲ್ಲ. ಬೌದ್ಧ ಆಚಾರ್ಯ ನಾಗಾರ್ಜುನನು, ಜ್ಞಾನದ ಸಾಧನಗಳಿಂದ ವಸ್ತುಗಳೂ ವಸ್ತುಗಳಿಂದ ಆ ಸಾಧನಗಳೂ ಸಿದ್ಧವಾಗುತ್ತವೆ ಎನ್ನುವವರನ್ನು ಹೀಗೆ ತಡೆಯುತ್ತಾನೆ: ತಂದೆಯಿಂದ ಮಗ ಹುಟ್ಟುವನು, ಅದೇ ಮಗನಿಂದ ಆ ತಂದೆಯೂ ಹುಟ್ಟುವನು ಎಂದರೆ, ಹುಟ್ಟಿಸಿದವನು ಯಾರು, ಹುಟ್ಟಿದವನು ಯಾರು? ಶಂಕರರ ಪರಮಗುರುಗಳೆಂದು ಸಂಪ್ರದಾಯವು ಹೇಳುವ ಗೌಡಪಾದರು ತಮ್ಮ ಕಾರಿಕೆಗಳ ನಾಲ್ಕನೆಯ ಪ್ರಕರಣದಲ್ಲಿ ಇದೇ ತಂದೆ ಮಕ್ಕಳ ಮಾತನ್ನು ತಂದು, ಇನ್ನೂ ಒಂದು ಹೆಜ್ಜೆ ಮುಂದಿಡುತ್ತಾರೆ. ಬೀಜಾಂಕುರದ ಸಾಲಿಗೆ ಆದಿಯಿಲ್ಲವೆಂಬುದೇ ಇನ್ನೂ ಸಾಧಿಸಬೇಕಾದ ಸಂಗತಿಯಾಗಿರುವಾಗ, ಅದನ್ನೇ ದೃಷ್ಟಾಂತವಾಗಿ ಕೊಡುವುದು ಹೇಗೆ ಎಂಬುದು ಅವರ ಆಕ್ಷೇಪ.

ಶಂಕರಾಚಾರ್ಯರ ನಡೆ ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚಿಕೆಯಾದುದು. ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ, ಜಗತ್ತಿನ ಅಸಮಾನತೆಗೆ ಜೀವಿಗಳ ಕರ್ಮ ಕಾರಣವಾದರೆ ಮೊಟ್ಟಮೊದಲ ಸೃಷ್ಟಿಗೆ ಮುಂಚೆ ಕರ್ಮವೆಲ್ಲಿತ್ತು ಎಂಬ ಆಕ್ಷೇಪ ಬಂದಾಗ, ಸಂಸಾರವು ಅನಾದಿ, ಬೀಜಾಂಕುರದ ಹಾಗೆ, ಎಂದು ಅವರು ಸಮಾಧಾನ ಹೇಳುತ್ತಾರೆ. ಆದರೆ ಅದೇ ಭಾಷ್ಯದ ಮೊದಲ ಅಧ್ಯಾಯದಲ್ಲಿ, ಆತ್ಮನಿಗೆ ಶರೀರದ ಸಂಬಂಧವು ಧರ್ಮಾಧರ್ಮಗಳಿಂದ, ಧರ್ಮಾಧರ್ಮಗಳು ಶರೀರದ ಸಂಬಂಧದಿಂದ ಎಂದು ಎದುರುವಾದಿ ಹೇಳಿದರೆ, ಅಂತಹ ಅನಾದಿತ್ವದ ಕಲ್ಪನೆ ಒಬ್ಬರ ಕೈ ಹಿಡಿದು ಒಬ್ಬರು ನಡೆಯುವ ಕುರುಡರ ಸಾಲೇ ಸರಿ ಎಂದು ತಳ್ಳಿಹಾಕುತ್ತಾರೆ. ಸಾಲಿಗೆ ಆದಿಯಿಲ್ಲವೆಂದರೆ ಸಾಲದು. ಸಾಲಿನಲ್ಲಿ ಎಲ್ಲಾದರೂ ಒಬ್ಬನಿಗಾದರೂ ಕಣ್ಣು ಕಾಣಬೇಕು. ಈ ಕುರುಡರ ಸಾಲನ್ನು ನೆನಪಿನಲ್ಲಿಡಿ. ಅದು ಮುಂದೆ ಬೇಕಾಗುತ್ತದೆ.

ಇನ್ನು ಕೋಳಿಯ ಗತಿಯೇನಾಯಿತು? ಸೆನೇಸಿಯೊನ ಮಣ್ಣಿನಿಂದ ಹುಟ್ಟುವ ಇಲಿಗಳು ಬಹುಕಾಲ ಬದುಕಿದವು. 1651ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ, ಎಲ್ಲ ಪ್ರಾಣಿಗಳೂ ಅಂಡದಿಂದಲೇ ಬರುತ್ತವೆಂಬ ತತ್ತ್ವವನ್ನು ತನ್ನ ಗ್ರಂಥದ ಮುಖಚಿತ್ರದಲ್ಲೇ ಸಾರಿದನು. 1668ರಲ್ಲಿ ಇಟಲಿಯ ಫ್ರಾಂಚೆಸ್ಕೊ ರೆಡಿ ಮಾಂಸವನ್ನು ಪಾತ್ರೆಗಳಲ್ಲಿಟ್ಟು, ಕೆಲವನ್ನು ತೆರೆದಿಟ್ಟು ಕೆಲವನ್ನು ಮುಚ್ಚಿ, ನೊಣ ಕುಳಿತು ಮೊಟ್ಟೆಯಿಟ್ಟಲ್ಲಿ ಮಾತ್ರ ಹುಳುವಾಗುವುದೆಂದು ತೋರಿಸಿದನು. ಮಣ್ಣಿನ ದಾರಿ ಹೀಗೆ ಮುಚ್ಚುತ್ತ ಬಂದಾಗ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಫ್ರಾನ್ಸಿನ ತತ್ತ್ವಜ್ಞ ಮಾಲ್‌ಬ್ರಾಂಶ್‌ ಮೊದಲಾದವರು, ಮುಂದೆ ಹುಟ್ಟುವ ಪೀಳಿಗೆಗಳೆಲ್ಲ ಡಬ್ಬಿಯೊಳಗೆ ಡಬ್ಬಿ ಇಟ್ಟಂತೆ ಆದಿಜೀವಿಯೊಳಗೇ ಅಡಗಿದ್ದವೆಂದು ಊಹಿಸಿದರು. ಕುಲಗಳು ಬದಲಾಗುವುದೇ ಇಲ್ಲವೆಂಬ ಹಟವನ್ನು ಬಿಡಲೊಲ್ಲದ ಬುದ್ಧಿ ಎಲ್ಲಿಯವರೆಗೆ ಹೋದೀತೆಂಬುದಕ್ಕೆ ಇದೇ ಸಾಕ್ಷಿ.

ಆ ಹಟವನ್ನು ಮುರಿದುದು 1859ರಲ್ಲಿ ಪ್ರಕಟವಾದ ಡಾರ್ವಿನನ ಗ್ರಂಥ. ಕೋಳಿ ಎಂದೆಂದಿಗೂ ಕೋಳಿಯಾಗಿರಲಿಲ್ಲ. ನೆಲದ ಮೇಲೆ ಇಡಬಲ್ಲ ಮೊಟ್ಟೆ ಮೂವತ್ತು ಕೋಟಿ ವರ್ಷಗಳಿಗೂ ಹಿಂದಿನದು; ಹಕ್ಕಿಗಳು ಕಾಣಿಸಿಕೊಂಡು ಸುಮಾರು ಹದಿನೈದು ಕೋಟಿ ವರ್ಷ; ಮನೆಯ ಕೋಳಿಯಾದರೋ ಕೆಲವು ಸಾವಿರ ವರ್ಷಗಳ ಈಚಿನದು. ಆದುದರಿಂದ ಬರಿಯ ಮೊಟ್ಟೆಯ ಮಾತಾದರೆ ಮೊಟ್ಟೆಯೇ ಮೊದಲು. ಇಲ್ಲ, ಕೋಳಿಯ ಮೊಟ್ಟೆ ಎಂದೇ ಹಟ ಹಿಡಿದರೆ, ಮೊದಲ ಕೋಳಿ ಎಂಬ ಒಂದು ಹಕ್ಕಿಯೇ ಸಿಗುವುದಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಹಳಗನ್ನಡವಾಡುವ ತಾಯಿಗೆ ನಡುಗನ್ನಡವಾಡುವ ಮಗು ಎಂದಾದರೂ ಹುಟ್ಟಿತ್ತೇ? ಪ್ರತಿಯೊಬ್ಬ ತಾಯಿಯ ಮಾತೂ ಮಗುವಿಗೆ ಅರ್ಥವಾಗಿದೆ. ಆದರೂ ಪಂಪನ ಭಾಷೆಯನ್ನು ನಾವು ಇಂದು ಅರ್ಥಕೋಶ ಹಿಡಿದು ಓದುತ್ತೇವೆ. ಇಷ್ಟು ಸಾಲದೆಂಬಂತೆ, ಕೋಳಿಗೆ ಮೂಲವೂ ಒಂದೇ ಅಲ್ಲ. ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯೇ ಅದರ ಮುಖ್ಯ ಪೂರ್ವಜವಾದರೂ, ಅನೇಕ ತಳಿಗಳ ಹಳದಿ ಚರ್ಮದ ಗುಣ ನಮ್ಮ ಪಶ್ಚಿಮ ಘಟ್ಟಗಳಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಬಂದಿತೆಂದು 2008ರ ಸಂಶೋಧನೆ ತೋರಿಸಿತು. ಮೂಲವನ್ನು ಹುಡುಕಿ ಹೊರಟವನಿಗೆ ಹಲವು ಹಳ್ಳಗಳು ಕೂಡುವ ಜಾಗ ಸಿಗುತ್ತದೆಯೇ ಹೊರತು ಒಂದೇ ಒರತೆಯಲ್ಲ.

ನಮ್ಮ ಸಾಹಿತ್ಯದಲ್ಲೇ ಇದಕ್ಕೊಂದು ನಿದರ್ಶನವಿದೆ. ಲಕ್ಷ್ಯ ಮೊದಲೋ ಲಕ್ಷಣ ಮೊದಲೋ, ಎಂದರೆ ಕಾವ್ಯ ಮೊದಲೋ ಕಾವ್ಯದ ನಿಯಮ ಮೊದಲೋ ಎಂದು ಕೇಳಿದರೆ, ಕಾವ್ಯವೇ ಮೊದಲೆಂದು ಯಾರಾದರೂ ಹೇಳಿಯಾರು. ಆದರೆ ನಮಗೆ ಉಳಿದು ಬಂದಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದು ಕಾವ್ಯವಲ್ಲ, ಸುಮಾರು ಕ್ರಿ.ಶ. 850ರ ಲಕ್ಷಣಗ್ರಂಥವಾದ ಕವಿರಾಜಮಾರ್ಗ. ಆ ಗ್ರಂಥವೇ ತನಗಿಂತ ಹಿಂದಿನ ದುರ್ವಿನೀತ, ವಿಮಲೋದಯ ಮೊದಲಾದವರ ಹೆಸರು ಹೇಳುತ್ತದೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ನಮ್ಮ ಮೊದಲ ಪುಸ್ತಕವು ತಾನು ಮೊದಲಿನದಲ್ಲವೆಂದು ತಾನೇ ಸಾಕ್ಷಿ ನುಡಿಯುತ್ತಿದೆ. ಇತಿಹಾಸದಲ್ಲಿ ಮೊದಲು ಎಂದರೆ ಬಹುಪಾಲು ನಮಗೆ ಸಿಕ್ಕಿದವುಗಳಲ್ಲಿ ಮೊದಲು ಎಂದಷ್ಟೇ ಅರ್ಥ. ಇದನ್ನು ನಾನು ತರಗತಿಯಲ್ಲಿ ಇನ್ನಷ್ಟು ಒತ್ತಿ ಹೇಳಬೇಕಾಗಿತ್ತು.

ಈಗ ಆ ಹುಡುಗಿಯ ಯುದ್ಧಕ್ಕೆ ಬರುತ್ತೇನೆ. ಅಂಡ, ಅಂಕುರಗಳ ವಿಚಾರದಲ್ಲಿ ಯಾವುದು ಮೊದಲಾದರೂ ಯಾರ ಮಾನವೂ ಹೋಗುವುದಿಲ್ಲ. ಮನುಷ್ಯರ ಜಗಳದಲ್ಲಿ ಹಾಗಲ್ಲ. ಮೊದಲು ಎಂಬ ಮಾತಿನ ಮೇಲೆ ಅಪರಾಧದ ಹೊರೆ ಬೀಳುತ್ತದೆ. ಇದನ್ನು ಯೂರೋಪಿನ ಸರ್ಕಾರಗಳು ಚೆನ್ನಾಗಿ ಅರಿತಿದ್ದವು. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆಯಾಯಿತು. ಜುಲೈ 28ರಂದು ಆಸ್ಟ್ರಿಯ ಸರ್ಬಿಯದ ಮೇಲೆ ಯುದ್ಧ ಸಾರಿತು. ಆಗಸ್ಟ್ 4ರ ಹೊತ್ತಿಗೆ ರಷ್ಯಾ, ಜರ್ಮನಿ, ಫ್ರಾನ್ಸ್, ಬೆಲ್ಜಿಯಂ, ಬ್ರಿಟನ್ ಎಲ್ಲವೂ ಕಣದಲ್ಲಿದ್ದವು. ಯುದ್ಧ ಆರಂಭವಾದೊಡನೆ ಪ್ರತಿಯೊಂದು ಸರ್ಕಾರವೂ ತನ್ನ ರಾಜತಾಂತ್ರಿಕ ಪತ್ರಗಳನ್ನು ಆಯ್ದು ಪುಸ್ತಕವಾಗಿ ಪ್ರಕಟಿಸಿತು. ಜರ್ಮನಿಯದು ಬಿಳಿಯ ಪುಸ್ತಕ, ಬ್ರಿಟನ್ನಿನದು ನೀಲಿ, ರಷ್ಯಾದ್ದು ಕಿತ್ತಳೆ, ಫ್ರಾನ್ಸಿನದು ಹಳದಿ, ಆಸ್ಟ್ರಿಯದ್ದು ಕೆಂಪು. ಬಣ್ಣ ಯಾವುದಾದರೂ ಒಳಗಿನ ಸಾರ ಒಂದೇ: ಮೊದಲು ಅವನೇ ಸಾರ್!

ಹಳದಿ ಪುಸ್ತಕದ ಒಂದು ತಂತಿಯ ಕಥೆ ಇಲ್ಲಿ ಹೇಳಲೇಬೇಕು. ರಷ್ಯಾದ ಸಾರ್ವತ್ರಿಕ ಸೇನಾ ಜಮಾವಣೆಗೆ ಆಜ್ಞೆಯಾದುದು ಜುಲೈ 30ರಂದು; ಆಸ್ಟ್ರಿಯದ ಸಾರ್ವತ್ರಿಕ ಜಮಾವಣೆಗೆ ಆಜ್ಞೆಯಾದುದು ಮರುದಿನ, 31ರಂದು. ರಷ್ಯಾದಲ್ಲಿದ್ದ ಫ್ರೆಂಚ್ ರಾಯಭಾರಿಯು ರಷ್ಯಾದ ಸೈನ್ಯಕ್ಕೆ ಸಾರ್ವತ್ರಿಕ ಜಮಾವಣೆಯ ಆಜ್ಞೆಯಾಗಿದೆ ಎಂದಷ್ಟೇ ಚುಟುಕಾಗಿ ತಂತಿ ಕಳುಹಿಸಿದ್ದನು. 1914ರ ಕೊನೆಯಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ಒಂದು ವಾಕ್ಯ ಹಿಗ್ಗಿತು: ಆಸ್ಟ್ರಿಯ ಸಾರ್ವತ್ರಿಕ ಜಮಾವಣೆ ಮಾಡಿದುದರಿಂದಲೂ, ಜರ್ಮನಿ ಗುಟ್ಟಾಗಿ ಸಿದ್ಧತೆ ನಡೆಸುತ್ತಿರುವುದರಿಂದಲೂ ರಷ್ಯಾ ಹೀಗೆ ಮಾಡಬೇಕಾಯಿತೆಂಬ ಅರ್ಥ ಅದರಲ್ಲಿ ಸೇರಿಕೊಂಡಿತು. ಮರುದಿನದ ಕಾರ್ಯ ಹಿಂದಿನ ದಿನದ ಕಾರಣವಾಯಿತು! ಮಗನಿಂದ ತಂದೆ ಹುಟ್ಟಿದನು. ನಾಗಾರ್ಜುನನೂ ಗೌಡಪಾದರೂ ತರ್ಕದಲ್ಲಿ ಅಸಾಧ್ಯವೆಂದು ತೋರಿಸಿದುದನ್ನು ಒಂದು ಸರ್ಕಾರ ಅಚ್ಚುಮೊಳೆಯಲ್ಲಿ ಸಾಧಿಸಿತ್ತು. ಮೂಲ ತಂತಿ ಮುಂದೆ ಬೆಳಕಿಗೆ ಬಂದಾಗ ಈ ತಿದ್ದುಪಡಿ ಬಯಲಾಯಿತು. ಇಸವಿ, ತಾರೀಖುಗಳನ್ನು ಉರುಹೊಡೆಸುತ್ತಾರೆಂದು ನನ್ನ ಮೇಲೆ ಮುನಿಸಿಕೊಂಡಿದ್ದ ನನ್ನ ಹಳೆಯ ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಗಮನಿಸಬೇಕು. ಕಾರಣಕಾರ್ಯಗಳನ್ನು ತಿರುವುಮುರುವು ಮಾಡುವವನಿಗೆ ಎದುರಾಗಿ ನಿಲ್ಲುವ ಮೊದಲ ಸಾಕ್ಷಿ ತಾರೀಖು.

ಹಾಗೆಂದು ಈ ಒಂದು ತಂತಿಯಿಂದ ಎಲ್ಲ ಹೊರೆಯೂ ರಷ್ಯಾದ ತಲೆಗೆ ಬೀಳುವುದಿಲ್ಲ. ಸರ್ಬಿಯಕ್ಕೆ ಆಸ್ಟ್ರಿಯ ಕೊಟ್ಟ ಅಂತಿಮ ಎಚ್ಚರಿಕೆ, ಆಸ್ಟ್ರಿಯಕ್ಕೆ ಜರ್ಮನಿ ಕೊಟ್ಟ ಬೆಂಬಲ ಅದಕ್ಕೂ ಹಿಂದಿನವು. 1919ರ ವರ್ಸೇಲ್ಸ್ ಒಪ್ಪಂದದ 231ನೆಯ ವಿಧಿ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. 1961ರಲ್ಲಿ ಜರ್ಮನ್ ಇತಿಹಾಸಕಾರ ಫ್ರಿಟ್ಸ್ ಫಿಷರ್ ಸ್ವತಃ ತನ್ನ ದೇಶದ ಆಕಾಂಕ್ಷೆಗಳತ್ತ ಬೆರಳು ತೋರಿಸಿದನು. 2012ರಲ್ಲಿ ಕ್ರಿಸ್ಟಫರ್ ಕ್ಲಾರ್ಕ್ ಎಲ್ಲರೂ ನಿದ್ದೆಯಲ್ಲಿ ನಡೆಯುವವರಂತೆ ಯುದ್ಧದೊಳಗೆ ಕಾಲಿಟ್ಟರೆಂದು ಬರೆದನು. ಕಥೆಯನ್ನು 1898ರ ಜರ್ಮನ್ ನೌಕಾ ಕಾಯಿದೆಯಿಂದ ಆರಂಭಿಸಿದವನಿಗೆ ಒಬ್ಬ ಅಪರಾಧಿ ಸಿಗುತ್ತಾನೆ. ಜರ್ಮನಿಯು ಫ್ರಾನ್ಸನ್ನು ಸೋಲಿಸಿ ಪ್ರಾಂತ್ಯಗಳನ್ನು ಕಿತ್ತುಕೊಂಡ 1871ರಿಂದಲೋ, ಬ್ರಿಟನ್ನಿನ ಡ್ರೆಡ್‌ನಾಟ್ ನೌಕೆ ನೀರಿಗಿಳಿದ 1906ರಿಂದಲೋ ಆರಂಭಿಸಿದವನಿಗೆ ಬೇರೊಬ್ಬನು. ಕಥೆಯ ಮೊದಲ ಪುಟವನ್ನು ಆರಿಸಿಕೊಳ್ಳುವ ಅಧಿಕಾರ ಯಾರ ಕೈಯಲ್ಲಿದೆಯೋ, ತೀರ್ಪೂ ಬಹುಪಾಲು ಅವರ ಕೈಯಲ್ಲೇ ಇರುತ್ತದೆ.

ಹಾಗಾದರೆ ಯಾರೂ ಹೊಣೆಯಲ್ಲವೇ? ಎಲ್ಲವೂ ಬೀಜಾಂಕುರನ್ಯಾಯವೇ? ಅಲ್ಲ. ನನ್ನ ಓದಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದು ರಾತ್ರಿಯಿದೆ. 1914ರ ಜುಲೈ 29ರಂದು ರಷ್ಯಾದ ಸಾರ್ವತ್ರಿಕ ಜಮಾವಣೆಯ ಆಜ್ಞೆ ಸಿದ್ಧವಾಗಿ ಹೊರಡುವುದರಲ್ಲಿತ್ತು. ಆ ರಾತ್ರಿ ಜರ್ಮನಿಯ ಕೈಸರ್ ವಿಲ್ಹೆಲ್ಮನಿಂದ ಬಂದ ತಂತಿಯನ್ನು ಓದಿದ ಝಾರ್ ನಿಕೋಲಸ್ ಆ ಆಜ್ಞೆಯನ್ನು ತಡೆದನು. ಕುರುಡರ ಸಾಲಿನಲ್ಲಿ ಒಬ್ಬನು ನಿಂತು ಕಣ್ಣು ತೆರೆದನು. ಮರುದಿನ ಮಂತ್ರಿಯೂ ಸೇನಾಧಿಕಾರಿಗಳೂ ಒತ್ತಾಯಿಸಿದಾಗ ಅವನು ಮತ್ತೆ ಒಪ್ಪಿದನು. ಒಂದು ದಿನದ ಮಟ್ಟಿಗೆ ಕೊಂಡಿ ಬಿಚ್ಚಿತ್ತು. ಬಿಚ್ಚಬಹುದೆಂಬುದಕ್ಕೆ ಅಷ್ಟೇ ಸಾಕು. ಹದವಾದ ಮಣ್ಣು, ನೀರು ಸಿಕ್ಕಿದ ಬೀಜಕ್ಕೆ ಮೊಳೆಯುವುದಿಲ್ಲವೆನ್ನುವ ಸ್ವಾತಂತ್ರ್ಯವಿಲ್ಲ. ಪೆಟ್ಟು ತಿಂದ ಮನುಷ್ಯನಿಗೆ ತಿರುಗಿ ಹೊಡೆಯುವುದಿಲ್ಲವೆನ್ನುವ ಸ್ವಾತಂತ್ರ್ಯ ಉಂಟು. ಯೂರೋಪಿನವರು ಆ ಸ್ವಾತಂತ್ರ್ಯವನ್ನು ಬಳಸದೆ ಹೋದುದರ ಫಲ ನಮ್ಮ ಮನೆಬಾಗಿಲಿಗೂ ಬಂದಿತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧಕ್ಕಾಗಿ ಕಡಲು ದಾಟಿದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯ ಕುದುರೆ ಸವಾರರು 1918ರ ಸೆಪ್ಟೆಂಬರಿನಲ್ಲಿ ದೂರದ ಹೈಫಾ ನಗರದಲ್ಲಿ ಕಾದಾಡಿದರು. ಅವರಿಗೂ ಸರಾಯೆವೊಗೂ ಏನು ಸಂಬಂಧ?

ಕೊನೆಯ ಬೆಂಚಿನ ಮಗಳೇ, ನೀನು ಈಗ ಎಲ್ಲಿರುವೆಯೋ ತಿಳಿಯದು. ನಿನ್ನ ವಯಸ್ಸೂ ಈಗ ಐವತ್ತರ ಆಸುಪಾಸಿನಲ್ಲಿರಬೇಕು. ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಯಾರು ಮೊದಲು ಎಂದು ಕೇಳಿದುದು ತಪ್ಪಲ್ಲ. ಕೇಳದಿದ್ದರೆ ತಂತಿ ತಿದ್ದುವವರು ಗೆಲ್ಲುತ್ತಾರೆ. ಆದರೆ ಉತ್ತರ ಹೇಳುವವನು ಕಥೆಯನ್ನು ಎಲ್ಲಿಂದ ಆರಂಭಿಸಿದ್ದಾನೆಂದು ನೋಡು. ಆಮೇಲೆ ಇನ್ನೊಂದನ್ನು ಕೇಳು: ಈ ಸಾಲಿನಲ್ಲಿ ನಿಲ್ಲಿಸಬಹುದಾಗಿದ್ದವರು ಯಾರು ಯಾರು, ಅವರೇಕೆ ನಿಲ್ಲಿಸಲಿಲ್ಲ? ಮೊದಲಿನವನು ಒಬ್ಬನೇ ಇರಬಹುದು, ಕೆಲವೊಮ್ಮೆ ಯಾರೂ ಇಲ್ಲದಿರಬಹುದು. ನಿಲ್ಲಿಸಬಹುದಾಗಿದ್ದವರು ಮಾತ್ರ ಯಾವಾಗಲೂ ಹಲವರು.

ಬಂಧುಗಳಲ್ಲಿ ಈ ಬರಹವನ್ನು ಓದುವವರಿಗೂ ಒಂದು ಮಾತು. ನಮ್ಮ ಮನೆತನದಲ್ಲೂ, ಯಾವ ಮದುವೆಯಲ್ಲಿ ಯಾರು ಯಾರನ್ನು ಮೊದಲು ಕರೆಯಲಿಲ್ಲವೆಂಬ ಲೆಕ್ಕ ಮೂರು ತಲೆಮಾರುಗಳಿಂದ ನಡೆದುಬಂದಿದೆ. ಅದರ ಮೂಲವನ್ನು ನಾನೂ ಹುಡುಕಿದ್ದೇನೆ, ಸಿಗಲಿಲ್ಲ. ಸಿಕ್ಕುವ ಸಂಭವವೂ ಇಲ್ಲ. ಬರುವ ಯುಗಾದಿಗೆ ಆ ಮನೆಗೆ ನಾನೇ ಹೋಗಿ ಬೇವುಬೆಲ್ಲ ಕೊಟ್ಟು ಬರಬೇಕೆಂದುಕೊಂಡಿದ್ದೇನೆ. ಬರುವವರು ಜೊತೆಗೆ ಬನ್ನಿ.